ಮಾತ್ರೆ ಬಿಟ್ಟ ಮೇಲೂ ಸೇರದ ಏಲಕ್ಕಿ

ನಮ್ಮ ಓಣಿಯಲ್ಲಿ ಗರ್ಭನಿರೋಧಕ ಮಾತ್ರೆಯನ್ನು ಕೆಲವು ದಿನ ನುಂಗಿ ನಿಲ್ಲಿಸಿದ ಹೆಂಗಸರನ್ನು ಕಾರಣ ಕೇಳಿದರೆ ಬರುವ ಉತ್ತರ ಹೆಚ್ಚುಕಡಿಮೆ ಒಂದೇ: "ಗುಳಿಗಿ ನನಗ ಆಗಿ ಬರಲಿಲ್ಲ ಬಿಡ್ರೀ." ಇನ್ನಷ್ಟು ಕೆದಕಿದರೆ ತಲೆನೋವಿನ ಮಾತಾಗಲೀ ಮುಟ್ಟಿನ ಏರುಪೇರಿನ ಮಾತಾಗಲೀ ಮೊದಲು ಬರುವುದಿಲ್ಲ, ಊಟದ ಮಾತು ಬರುತ್ತದೆ. ಒಬ್ಬರಿಗೆ ಬೆಳಗಿನ ಚಹಾ ಸೇರದಾಯಿತು, ಇನ್ನೊಬ್ಬರಿಗೆ ಕುಕ್ಕರಿನಿಂದ ಏಳುವ ಬೇಳೆಯ ಹಬೆ ಆಗದಾಯಿತು, ಮತ್ತೊಬ್ಬರಿಗೆ ಮನೆಯಲ್ಲಿ ಕೋಳಿ ಸಾರು ಕುದಿಯುವಾಗ ಒಳಗೆ ನಿಲ್ಲುವುದೇ ಕಷ್ಟವಾಯಿತು. ಮಾತ್ರೆಯ ಪೊಟ್ಟಣದೊಳಗಿನ ಚೀಟಿಯಲ್ಲಿ ಇದಕ್ಕೆಲ್ಲ ಮೀಸಲಾಗಿರುವುದು ಅರ್ಧ ಸಾಲು: ವಾಕರಿಕೆ ಬರಬಹುದು, ಸಾಮಾನ್ಯವಾಗಿ ತಾನಾಗಿ ಕಡಿಮೆಯಾಗುತ್ತದೆ.

ಮಗಳು ಹುಟ್ಟಿದ ಮೇಲೆ ಎರಡನೆಯ ಮಗುವಿಗೆ ಮೂರ್ನಾಲ್ಕು ವರ್ಷವಾದರೂ ಅಂತರವಿರಲಿ ಎಂದು ನಾನೂ ನನ್ನ ಯಜಮಾನರೂ ಮಾತಾಡಿಕೊಂಡಿದ್ದೆವು. ಅವಳು ಎದೆಹಾಲು ಪೂರ್ತಿ ಬಿಟ್ಟ ನಂತರ ವೈದ್ಯರನ್ನು ಕಂಡು, ರಕ್ತದೊತ್ತಡ ತೋರಿಸಿ, ನಾನು ಮಾತ್ರೆ ಆರಂಭಿಸಿದೆ. ಬಿಟ್ಟು ಬಹಳ ಕಾಲವಾಯಿತು, ಎರಡನೆಯವನು ಈಗ ಶಾಲೆಗೆ ಹೋಗುತ್ತಾನೆ. ಆದರೂ ಏಲಕ್ಕಿ ಮುಂದಾಗಿರುವ ಹೋಳಿಗೆ ಇಂದಿಗೂ ನನ್ನ ಗಂಟಲಲ್ಲಿ ಸಲೀಸಾಗಿ ಇಳಿಯುವುದಿಲ್ಲ. ಮಾತ್ರೆಯ ಹಾರ್ಮೋನು ದೇಹದಿಂದ ಎಂದೋ ಹೊರಟುಹೋಗಿರುವಾಗ ಉಳಿದುಕೊಂಡಿರುವ ಈ ಅರುಚಿಯನ್ನು ಅಡ್ಡಪರಿಣಾಮಗಳ ಲೆಕ್ಕಕ್ಕೆ ಸೇರಿಸಬೇಕೋ ಬೇಡವೋ ಎಂಬುದು ನನ್ನನ್ನು ಕಾಡುತ್ತಲೇ ಬಂದಿದೆ. ಸೇರಿಸಬೇಕೆಂಬುದು ನನ್ನ ನಿಲುವು.

ಒಗ್ಗರಣೆ-ಮಿರ್ಚಿಯ ಊರಿನಲ್ಲಿ

ಕೊಪ್ಪಳದ ಬೆಳಗು ಕಂಡವರಿಗೆ ಅದನ್ನು ಬಣ್ಣಿಸಬೇಕಾಗಿಲ್ಲ. ಸೂರ್ಯ ಮೇಲೇಳುವ ಹೊತ್ತಿಗೆ ಜವಾಹರ ರಸ್ತೆಯ ಅಕ್ಕಪಕ್ಕದಲ್ಲೂ ಬಸ್ ನಿಲ್ದಾಣದ ಸುತ್ತಲೂ ಎಣ್ಣೆಯ ಬಾಣಲೆಗಳು ಕಾಯತೊಡಗಿರುತ್ತವೆ. ನೆನೆಸಿ ಹಿಂಡಿದ ಮಂಡಕ್ಕಿಗೆ ಅರಿಶಿನದ ಒಗ್ಗರಣೆ ಬೀಳುತ್ತದೆ, ಕಡಲೆ ಹಿಟ್ಟಿನಲ್ಲಿ ಅದ್ದಿದ ಉದ್ದನೆಯ ಮೆಣಸಿನಕಾಯಿ ಎಣ್ಣೆಯಲ್ಲಿ ತಿರುಗುತ್ತದೆ. ರವಿವಾರವೆಂದರೆ ನಮ್ಮ ಮನೆಯಲ್ಲಿ ಪೇಪರಿನಲ್ಲಿ ಕಟ್ಟಿಸಿ ತಂದ ಒಗ್ಗರಣೆ-ಮಿರ್ಚಿಯೇ ನಾಷ್ಟಾ. ತವರಿನಲ್ಲಿದ್ದಾಗ ಅಪ್ಪನ ಪಾಲಿನ ಮಿರ್ಚಿಯನ್ನೂ ಎತ್ತಿಕೊಂಡು ಬೈಸಿಕೊಂಡವಳು ನಾನು.

ದೀಪಾವಳಿ ಮುಗಿದ ಮೇಲೆ ಮಾತ್ರೆ ಶುರುವಾಯಿತು. ಮೊದಲ ಪಟ್ಟಿ ಅರ್ಧ ಮುಗಿಯುವಷ್ಟರಲ್ಲಿ ಆ ಬಾಣಲೆಗಳ ವಾಸನೆ ಮನೆಯ ಕಿಟಕಿಯಿಂದ ಬಂದರೂ ಬಾಯಲ್ಲಿ ನೀರೂರತೊಡಗಿತು, ಅದು ಆಸೆಯ ನೀರಾಗಿರಲಿಲ್ಲ. ವಾಂತಿ ಆಗುತ್ತಿರಲಿಲ್ಲ, ಆಗಿದ್ದರೆ ಹಗುರವಾಗುತ್ತಿತ್ತೇನೋ. ಹೊಟ್ಟೆಯ ಮೇಲ್ಭಾಗದಲ್ಲಿ ಏನೋ ತೊಳಸುತ್ತ, ನಾಲಗೆಯ ಹಿಂಬದಿ ಒಗರಾಗಿ, ಮಧ್ಯಾಹ್ನದವರೆಗೂ ಹಾಗೆಯೇ ಇರುತ್ತಿತ್ತು. ಒಂದು ವಿಚಿತ್ರವೆಂದರೆ ತಣ್ಣಗಾದ ಜೋಳದ ರೊಟ್ಟಿ, ಮೊಸರು, ಶೇಂಗಾ ಹಿಂಡಿ ಇವು ಎಂದಿನಂತೆಯೇ ಸೇರುತ್ತಿದ್ದವು. ಬಿಸಿಯಾಗಿ ಹಬೆಯಾಡುವುದು, ಎಣ್ಣೆಯಲ್ಲಿ ಸಿಡಿಯುವುದು ಮಾತ್ರ ಆಗುತ್ತಿರಲಿಲ್ಲ.

ಇದರ ಮೂಲವನ್ನು ವಿಜ್ಞಾನ ಹೊಟ್ಟೆಗಿಂತ ಹೆಚ್ಚಾಗಿ ತಲೆಯಲ್ಲಿ ಗುರುತಿಸುತ್ತದೆ. ಮಿದುಳಿನ ಕಾಂಡದ ಕೆಳಭಾಗದಲ್ಲಿ ಏರಿಯಾ ಪೋಸ್ಟ್ರೀಮಾ ಎಂಬ ಪುಟ್ಟ ಜಾಗವಿದೆ. ರಕ್ತದಲ್ಲಿರುವ ಪದಾರ್ಥಗಳು ಸುಲಭವಾಗಿ ಒಳನುಗ್ಗದಂತೆ ಮಿದುಳಿಗೆ ಇರುವ ಕಾವಲು ಇಲ್ಲಿ ಬೇಕೆಂದೇ ಸಡಿಲವಾಗಿದೆ. ರಕ್ತದಲ್ಲಿ ವಿಷದಂಥದ್ದು ಸೇರಿದೆಯೇ ಎಂದು ಪರೀಕ್ಷಿಸಿ, ಸೇರಿದೆ ಎನಿಸಿದರೆ ವಾಕರಿಕೆಗೂ ವಾಂತಿಗೂ ಸೂಚನೆ ಕೊಡುವುದು ಅದರ ಕೆಲಸ. ಇಲಿಗಳಿಗೆ ಈಸ್ಟ್ರೋಜೆನ್ ಕೊಟ್ಟಾಗ ಅವು ಜೊತೆಗೆ ಸವಿದ ರುಚಿಯನ್ನು ಮುಂದೆ ದೂರ ಇಡುತ್ತವೆ, ಈ ಜಾಗವನ್ನು ಮೊದಲೇ ನಾಶಪಡಿಸಿದ್ದರೆ ಆ ಅರುಚಿ ಹುಟ್ಟುವುದಿಲ್ಲ ಎಂಬುದನ್ನು ಪ್ರಯೋಗಗಳು ತೋರಿಸಿವೆ. ಮಾತ್ರೆಯಲ್ಲಿರುವುದು ಎರಡು ಹಾರ್ಮೋನು, ಈಸ್ಟ್ರೋಜೆನ್ ಮತ್ತು ಪ್ರೊಜೆಸ್ಟೋಜೆನ್. ವಾಕರಿಕೆಯ ಹೊಣೆ ಹೆಚ್ಚಾಗಿ ಮೊದಲನೆಯದರದು. ರಾತ್ರಿ ಊಟವಾದ ಮೇಲೆ ನುಂಗಿರಿ ಎಂದು ಹೇಳುವುದು ಇದಕ್ಕಾಗಿಯೇ, ರಕ್ತದಲ್ಲಿ ಅದರ ಪ್ರಮಾಣ ಏರುವ ಹೊತ್ತನ್ನು ನಿದ್ದೆಯಲ್ಲಿ ಕಳೆಯಬಹುದು. ಎರಡು ಮೂರು ತಿಂಗಳಲ್ಲಿ ದೇಹ ಹೊಂದಿಕೊಳ್ಳುತ್ತದೆ ಎಂಬುದೂ ಬಹುಮಟ್ಟಿಗೆ ನಿಜ.

ಆದರೆ ಈ "ಹೊಂದಿಕೊಳ್ಳುತ್ತದೆ" ಎಂಬ ಭರವಸೆಯ ಹಿಂದಿನ ಚರಿತ್ರೆ ಅಷ್ಟು ಸಮಾಧಾನದ್ದಲ್ಲ. 1956ರಲ್ಲಿ ಪೋರ್ಟೊ ರಿಕೊದಲ್ಲಿ ಬಡ ಹೆಂಗಸರ ಮೇಲೆ ಮಾತ್ರೆಯ ದೊಡ್ಡ ಪ್ರಯೋಗ ಆರಂಭವಾದಾಗ ಅಲ್ಲಿನ ಉಸ್ತುವಾರಿ ವೈದ್ಯೆ ಎಡ್ರಿಸ್ ರೈಸ್-ರೇ, ನೂರಕ್ಕೆ 17 ಮಂದಿ ವಾಕರಿಕೆ, ತಲೆಸುತ್ತು, ತಲೆನೋವು, ಹೊಟ್ಟೆನೋವುಗಳ ದೂರು ಹೇಳುತ್ತಿದ್ದಾರೆಂದೂ, ಗರ್ಭ ತಡೆಯುವುದರಲ್ಲಿ ಮಾತ್ರೆ ಗಟ್ಟಿಯಾದರೂ ಇಷ್ಟು ತೊಂದರೆಗಳೊಂದಿಗೆ ಅದು ಜನರಿಗೆ ಒಪ್ಪಿಗೆಯಾಗಲಾರದೆಂದೂ ವರದಿ ಮಾಡಿದರು. ಪ್ರಯೋಗದ ಮುಂದಾಳು ಗ್ರೆಗರಿ ಪಿಂಕಸ್ ಈ ದೂರುಗಳಲ್ಲಿ ಬಹಳಷ್ಟು ಆ ಹೆಂಗಸರ ಮನಸ್ಸಿನಿಂದ ಹುಟ್ಟಿದ್ದೆಂದು ಬಗೆದರು. 1960ರಲ್ಲಿ ಅಮೆರಿಕದಲ್ಲಿ ಗರ್ಭನಿರೋಧಕವಾಗಿ ಒಪ್ಪಿಗೆ ಪಡೆದ ಎನೊವಿಡ್ ಮಾತ್ರೆಯಲ್ಲಿ ಈಸ್ಟ್ರೋಜೆನ್ ಅಂಶ ಸುಮಾರು 150 ಮೈಕ್ರೋಗ್ರಾಂ ಇತ್ತು. ಇಂದು ನಮ್ಮ ಸರಕಾರ ಉಚಿತವಾಗಿ ಹಂಚುವ ಮಾಲಾ-ಎನ್‌ನಲ್ಲಿ ಇರುವುದು 30 ಮೈಕ್ರೋಗ್ರಾಂ. ಮನಸ್ಸಿನದೇ ಕಾಯಿಲೆಯಾಗಿದ್ದರೆ ಹೀಗೆ ಇಳಿಸುವ ಪ್ರಮೇಯವೇ ಬರುತ್ತಿರಲಿಲ್ಲವಲ್ಲ! ಪೊಟ್ಟಣದೊಳಗೆ ಅಡ್ಡಪರಿಣಾಮಗಳ ಚೀಟಿ ಇರಬೇಕೆಂಬ ನಿಯಮ ಅಮೆರಿಕದಲ್ಲಿ ಬಂದದ್ದೂ 1970ರಲ್ಲಿ, ಅಲ್ಲಿನ ಸೆನೆಟ್ ಮುಂದೆ ಮಾತ್ರೆಯ ಸುರಕ್ಷತೆಯ ವಿಚಾರಣೆ ನಡೆದು, ಹೆಂಗಸರು ಸಭೆಯಲ್ಲೇ ಎದ್ದುನಿಂತು ಕೂಗಾಡಿದ ನಂತರ. ನಾವು ಓದದೇ ಮುದುರಿ ಎಸೆಯುವ ಆ ಸಣ್ಣಕ್ಷರದ ಕಾಗದಕ್ಕೆ ಇಷ್ಟು ಕಥೆಯಿದೆ.

ಎಳ್ಳಮವಾಸ್ಯೆಯ ಹೊಲದಲ್ಲಿ

ಆ ವರ್ಷ ಎಳ್ಳಮವಾಸ್ಯೆಗೆ ಯಲಬುರ್ಗಾ ಕಡೆಯ ನಮ್ಮ ಎರೆ ಹೊಲಕ್ಕೆ ಎಲ್ಲರೂ ಹೋಗಿದ್ದೆವು. ಬಿಳಿಜೋಳ ಆಳೆತ್ತರ ನಿಂತಿತ್ತು, ಸಾಲಿನ ನಡುವೆ ಕಡಲೆ. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಪೂಜೆ ಮಾಡಿ, ಹೊಲದ ಸುತ್ತ ಚರಗ ಚೆಲ್ಲಿ ಬಂದ ಮೇಲೆ ಜಮಖಾನೆಯ ಮೇಲೆ ಬುತ್ತಿಗಳು ಬಿಚ್ಚಿಕೊಂಡವು. ಸಜ್ಜಿ ರೊಟ್ಟಿ, ಎಣಗಾಯಿ, ಪುಂಡಿಪಲ್ಯ, ಗುರೆಳ್ಳು ಹಿಂಡಿ, ಕರಿಗಡಬು, ಹೋಳಿಗೆ. ಊರಿನ ಹೆಂಗಸರು, ದಾಯಾದಿಗಳ ಮನೆಯವರು, ಅಕ್ಕಪಕ್ಕದ ಹೊಲದವರು ಎಲ್ಲರೂ ಇದ್ದರು. ಅತ್ತೆ ನನ್ನ ಎಲೆಗೆ ಎಣಗಾಯಿ ಹಾಕಿದಾಗ ಅದರ ಎಣ್ಣೆ ಮಸಾಲೆಯ ಘಾಟು ಮೂಗಿಗೆ ಬಡಿದು, ನಾನು ಸೆರಗು ಬಾಯಿಗೆ ಒತ್ತಿಕೊಂಡು ಆ ಕಡೆ ತಿರುಗಿದೆ. ಹೋಳಿಗೆಯನ್ನೂ ಎಲೆಯ ಅಂಚಿಗೆ ಸರಿಸಿಟ್ಟೆ.

ಅಷ್ಟೇ ಸಾಕಾಯಿತು. ಎದುರಿಗೆ ಕೂತಿದ್ದ ದೊಡ್ಡತ್ತೆ ನಕ್ಕು, "ಏನವಾ, ಹುಳಿ ಬೇಕಾತೇನು?" ಎಂದರು. ಇಡೀ ಪಂಕ್ತಿಯೇ ನಕ್ಕಿತು. ಅತ್ತೆ ನನ್ನ ಪಕ್ಕಕ್ಕೆ ಬಂದು ದನಿ ತಗ್ಗಿಸಿ, "ಎಷ್ಟನೇದ್ದು ನಡದೈತಿ? ನನಗರ ಹೇಳಬಾರದೇನು?" ಎಂದು ಕೇಳಿದರು. ನಾನು ಇಲ್ಲವೆಂದು ತಲೆಯಾಡಿಸಿದೆ. ಇಲ್ಲವೆನ್ನುವುದೂ ಹೌದೆನ್ನುವುದರ ಒಂದು ಬಗೆಯೆಂದು ನಮ್ಮ ಹಿರಿಯರು ನಂಬಿರುವುದರಿಂದ ಅದು ಯಾವ ಕೆಲಸಕ್ಕೂ ಬರಲಿಲ್ಲ. ಮಾತ್ರೆ ನುಂಗುತ್ತಿರುವುದು ಅತ್ತೆಗೆ ಗೊತ್ತಿರಲಿಲ್ಲ. ಮೊಮ್ಮಗನಿಗಾಗಿ ಹುಲಿಗೆಮ್ಮನಿಗೆ ಹರಕೆ ಹೊತ್ತವರಿಗೆ ಅದನ್ನು ಹೊಲದ ನಡುವೆ, ಅಷ್ಟು ಮಂದಿಯ ಮುಂದೆ ಹೇಳುವ ಮಾತೇ ಇರಲಿಲ್ಲ.

ಮಾರನೆಯ ದಿನದಿಂದ ಮನೆಯಲ್ಲಿ ನನ್ನ ದರ್ಜೆ ಏರಿತು. ನೀರಿನ ಕೊಡ ಎತ್ತಬಾರದು, ಬಗ್ಗಿ ಕಸ ಹೊಡೆಯಬಾರದು. ಯಾರೂ ಕೇಳದೆಯೇ ಹುಣಸೆ ತೊಕ್ಕು, ಮಾವಿನ ಉಪ್ಪಿನಕಾಯಿ, ಪೇರಲ ಹಣ್ಣು ಬರತೊಡಗಿದವು. ರೊಟ್ಟಿ ಬಡಿಯುವ ಕೆಲಸವನ್ನು ಅತ್ತೆ ತಾವೇ ವಹಿಸಿಕೊಂಡರು. ಯಾವ ಊಟ ಸೇರುತ್ತದೆ, ಯಾವುದು ಸೇರುವುದಿಲ್ಲ ಎಂದು ನನ್ನನ್ನು ಆ ಮನೆಯಲ್ಲಿ ಕೇಳಿದ್ದು ಬಸಿರಿನಲ್ಲಿ ಬಿಟ್ಟರೆ ಆ ಕೆಲವು ದಿನಗಳಲ್ಲಿ ಮಾತ್ರ. ಪಟ್ಟಿಯ ಕೊನೆಗೆ ಎಂದಿನಂತೆ ಮುಟ್ಟಾದಾಗ ಆ ಸವಲತ್ತುಗಳೆಲ್ಲ ಒಂದೇ ದಿನದಲ್ಲಿ ವಾಪಸಾದವು. ಅತ್ತೆ ಬೈಯಲಿಲ್ಲ, ಆದರೆ ಎರಡು ದಿನ ಮಾತು ಕಡಿಮೆ ಮಾಡಿದರು. ಆಮೇಲೆ ನಾನು ಪಲ್ಯ ಬೇಡವೆಂದಾಗ ಕೇಳಿಬಂದದ್ದು "ಈಗಿನ ಹುಡುಗೇರ ಬಾಯಿ ಭಾಳ ಜಾತಿ" ಎಂಬ ಮಾತು.

ಹೆಂಗಸು ಊಟ ಬೇಡವೆಂದರೆ ನಮ್ಮಲ್ಲಿ ಅರ್ಥಗಳು ಎರಡೇ: ಬಸಿರು, ಇಲ್ಲವೇ ಸೊಕ್ಕು. ಬಸಿರು ತಪ್ಪಿಸಲೆಂದು ನುಂಗುವ ಮಾತ್ರೆಯೇ ಬಸಿರಿನ ಲಕ್ಷಣ ತೋರಿಸುವ ಈ ವಿಪರ್ಯಾಸಕ್ಕೆ ಮನೆಯ ನಿಘಂಟಿನಲ್ಲಿ ಜಾಗವಿಲ್ಲ. ಹಾಗೆ ನೋಡಿದರೆ ಈ ಹೋಲಿಕೆ ಪೂರ್ತಿ ಆಕಸ್ಮಿಕವೂ ಅಲ್ಲ. ಅಂಡ ಬಿಡುಗಡೆಯಾಗದಂತೆ ತಡೆಯಲು ಮಾತ್ರೆ ಬಳಸುವುದು ಬಸಿರಿನಲ್ಲೂ ಏರಿರುವ ಎರಡು ಹಾರ್ಮೋನುಗಳ ತಯಾರಿಸಿದ ರೂಪಗಳನ್ನೇ. ಬಸಿರಿನ ವಾಕರಿಕೆಗೆ ಬೇರೆ ಕಾರಣಗಳೂ ಇವೆಯೆನ್ನಿ. ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳಬೇಕು. ಗಂಡಸಿಗೆ ಒಂದು ವಾಸನೆ ಆಗದಿದ್ದರೆ ಅವನು ಎದ್ದು ಕಟ್ಟೆಗೆ ಹೋಗಿ ಕೂರಬಹುದು. ಇಲ್ಲಿ ವಾಸನೆ ಸೇರದವಳೇ ಆ ವಾಸನೆಯನ್ನು ದಿನಕ್ಕೆ ಮೂರು ಸಲ ಒಲೆಯ ಮುಂದೆ ನಿಂತು ಎಬ್ಬಿಸಬೇಕು. ವೈದ್ಯರ ಪಟ್ಟಿಯಲ್ಲಿ ಸೌಮ್ಯವೆಂದು ಬರೆಸಿಕೊಂಡ ತೊಂದರೆ ಅಡುಗೆಮನೆಯಲ್ಲಿ ಸೌಮ್ಯವಾಗಿ ಉಳಿಯುವುದಿಲ್ಲ.

ಹೋದದ್ದು ಮಿರ್ಚಿ, ಉಳಿದದ್ದು ಏಲಕ್ಕಿ

ಎಳ್ಳಮವಾಸ್ಯೆಯ ಬೆನ್ನಿಗೇ ಗವಿಮಠದ ಜಾತ್ರೆ ಬಂತು. ಹಳ್ಳಿಹಳ್ಳಿಗಳಿಂದ ಟ್ರ್ಯಾಕ್ಟರಿನಲ್ಲಿ, ಚಕ್ಕಡಿಯಲ್ಲಿ ರೊಟ್ಟಿಯ ರಾಶಿಗಳು ಬರುವ ಆ ಮಹಾದಾಸೋಹದಲ್ಲಿ ಈಚಿನ ವರ್ಷಗಳಲ್ಲಿ ಮಿರ್ಚಿಯೂ ಲಕ್ಷಗಟ್ಟಲೆ ಕರಿಯಲ್ಪಡುತ್ತದೆ. ಬೇಡವೆಂದರೂ ಬಿಡದೆ ಗೆಳತಿಯರು ಕರೆದೊಯ್ದರು. ಸಾಲು ಬಾಣಲೆಗಳ ಪಕ್ಕದಲ್ಲಿ ಹಾದುಹೋದಾಗ ನನಗೇನೂ ಆಗಲಿಲ್ಲ. ತಟ್ಟೆಗೆ ಬಿದ್ದ ಮಿರ್ಚಿಯನ್ನು ತಿಂದೆ, ಇನ್ನೊಂದನ್ನು ಹಾಕಿಸಿಕೊಂಡೆ. ದೇಹ ಹೊಂದಿಕೊಂಡಿತ್ತು, ಚೀಟಿಯಲ್ಲಿ ಬರೆದಿದ್ದು ಸುಳ್ಳಾಗಿರಲಿಲ್ಲ.

ಹೋಳಿ ಹುಣ್ಣಿಮೆಗೆ ಮನೆಯಲ್ಲಿ ಹೂರಣ ರುಬ್ಬುವಾಗ ಬೇರೆಯೇ ಆಯಿತು. ಬೆಲ್ಲ-ಕಡಲೆಬೇಳೆಯ ಘಮಕ್ಕೆ ಏನೂ ಅನ್ನಿಸಲಿಲ್ಲ, ಏಲಕ್ಕಿ ಕುಟ್ಟಿ ಹಾಕಿದ ಕ್ಷಣ ಹೊಟ್ಟೆ ಮಗುಚಿತು. ವಾಕರಿಕೆಯ ದಿನಗಳು ಮುಗಿದಿದ್ದವು, ಒಗ್ಗರಣೆ, ಎಣಗಾಯಿ, ಚಹಾ ಎಲ್ಲ ಸೇರುತ್ತಿದ್ದವು. ಏಲಕ್ಕಿಯೊಂದೇ ಏಕೆ? ಅದರ ಸುಳಿವು ಸಿಕ್ಕಿದ್ದು ಅಡುಗೆಮನೆಯ ಮಾಡದಲ್ಲಿದ್ದ ಬಾದಾಮಿ ಹಾಲಿನ ಪುಡಿಯ ಡಬ್ಬಿಯಿಂದ. ಬರೀ ಹೊಟ್ಟೆಯಲ್ಲಿ ಮಾತ್ರೆ ಬೇಡವೆಂದು ವೈದ್ಯರು ಹೇಳಿದ್ದರಿಂದ, ರಾತ್ರಿ ಊಟವಾಗಿ ಪಾತ್ರೆ ತಿಕ್ಕಿ ಮಗಳನ್ನು ಮಲಗಿಸುವಷ್ಟರಲ್ಲಿ ಬಹಳ ಹೊತ್ತಾಗುತ್ತಿದ್ದುದರಿಂದ, ಯಜಮಾನರು ಪ್ರೀತಿಯಿಂದ ಆ ಡಬ್ಬಿ ತಂದುಕೊಟ್ಟಿದ್ದರು. ನಮ್ಮ ಮನೆಯಲ್ಲಿ ಅದಕ್ಕೆ ಮುಂಚೆ ಯಾರೂ ಅದನ್ನು ಕುಡಿದವರಲ್ಲ. ಕೇಸರಿ ಬಣ್ಣದ, ಏಲಕ್ಕಿಯೇ ಮುಂದಾಗಿರುವ ಆ ಹಾಲಿನೊಂದಿಗೆ ದಿನವೂ ಮಾತ್ರೆ ನುಂಗಿದ್ದೆ, ದಿನವೂ ಅದರ ಬೆನ್ನಿಗೆ ಹೊಟ್ಟೆ ತೊಳಸಿತ್ತು.

ಈ ಬಗೆಯ ಕಲಿಕೆಯನ್ನು ಮೊದಲು ಪ್ರಯೋಗದಿಂದ ತೋರಿಸಿದವರಲ್ಲಿ ಪ್ರಮುಖರು ಅಮೆರಿಕದ ಮನೋವಿಜ್ಞಾನಿ ಜಾನ್ ಗಾರ್ಸಿಯಾ. 1955ರಲ್ಲಿ ಅವರೂ ಅವರ ಸಂಗಡಿಗರೂ ಪ್ರಕಟಿಸಿದ ಪ್ರಯೋಗದಲ್ಲಿ ಇಲಿಗಳಿಗೆ ಸ್ಯಾಕರಿನ್ ಬೆರೆಸಿದ ಸಿಹಿನೀರು ಕೊಟ್ಟು ಗಾಮಾ ವಿಕಿರಣಕ್ಕೆ ಒಡ್ಡಲಾಗಿತ್ತು. ವಿಕಿರಣದಿಂದ ಹೊಟ್ಟೆ ಕೆಟ್ಟ ಇಲಿಗಳು ಆಮೇಲೆ ಸಿಹಿನೀರನ್ನು ಮುಟ್ಟದಾದವು. 1966ರ ಇನ್ನೊಂದು ಪ್ರಯೋಗದಲ್ಲಿ ನೀರು ಕುಡಿಯುವಾಗ ರುಚಿಯ ಜೊತೆಗೆ ಬೆಳಕನ್ನೂ ಸದ್ದನ್ನೂ ಸೇರಿಸಿದರು. ಹೊಟ್ಟೆ ಕೆಟ್ಟ ಇಲಿಗಳು ದೂರಿದ್ದು ರುಚಿಯನ್ನು ಮಾತ್ರ, ಕಾಲಿಗೆ ವಿದ್ಯುತ್ತಿನ ಆಘಾತ ಪಡೆದ ಇಲಿಗಳು ದೂರಿದ್ದು ಬೆಳಕು-ಸದ್ದನ್ನು. ತಿಂದದ್ದಕ್ಕೂ ಹೊಟ್ಟೆ ಕೆಟ್ಟದ್ದಕ್ಕೂ ನಡುವೆ ಗಂಟೆಗಟ್ಟಲೆ ಅಂತರವಿದ್ದರೂ ಈ ಗಂಟು ಬೀಳುತ್ತದೆಂಬುದು ಆ ಕಾಲದ ಅನೇಕ ಪಂಡಿತರಿಗೆ ನಂಬಲಾಗದ ಸಂಗತಿಯಾಗಿತ್ತು. ವಿಷವಿರುವ ಕಾಯಿಯನ್ನು ತಿಂದು ಬದುಕಿ ಉಳಿದ ಪ್ರಾಣಿ ಅದನ್ನು ಮತ್ತೆ ತಿನ್ನಬಾರದೆಂಬುದಕ್ಕಾಗಿ ರೂಪುಗೊಂಡ ವ್ಯವಸ್ಥೆ ಇದು. ಒಂದೇ ಸಲದಲ್ಲಿ ಕಲಿಯುತ್ತದೆ, ಬೇಗ ಮರೆಯುವುದಿಲ್ಲ. ಹೊಸ ರುಚಿಯ ಮೇಲೆ ಬೇಗ ಆರೋಪ ಹೊರಿಸುತ್ತದೆ, ಚಿಕ್ಕಂದಿನಿಂದ ತಿಂದು ಏನೂ ಆಗದಿದ್ದ ಹಳೆಯ ರುಚಿಯನ್ನು ಸುಲಭಕ್ಕೆ ದೂರುವುದಿಲ್ಲ. ನನ್ನ ಜೋಳದ ರೊಟ್ಟಿಯೂ ಮಿರ್ಚಿಯೂ ಪಾರಾದದ್ದು ಹೀಗೆ. ಹೋಳಿಗೆಯಲ್ಲಿ ಏಲಕ್ಕಿ ಹಳೆಯದೇ, ಆದರೆ ವರ್ಷಕ್ಕೆ ನಾಲ್ಕಾರು ಸಲ ಬಂದುಹೋಗುವ ಹಬ್ಬದ ಚಿಟಿಕೆಗೂ ಪ್ರತಿ ರಾತ್ರಿಯ ಲೋಟಕ್ಕೂ ನಡುವೆ ಗೆದ್ದದ್ದು ಲೋಟ.

ಈ ಕಲಿಕೆಗೆ ನಮ್ಮ ತಿಳಿವಳಿಕೆಯ ಹಂಗಿಲ್ಲ ಎಂಬುದೇ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು. ತಪ್ಪು ಮಾತ್ರೆಯದೇ ಹೊರತು ಹಾಲಿನದಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತು. ಗೊತ್ತಿದ್ದರೂ ಹೊಟ್ಟೆ ಕೇಳುವುದಿಲ್ಲ. 1978ರಲ್ಲಿ ಇಲೀನ್ ಬರ್ನ್‌ಸ್ಟೀನ್ ಎಂಬ ಸಂಶೋಧಕಿ ಕ್ಯಾನ್ಸರಿಗೆ ಕಿಮೋಥೆರಪಿ ಪಡೆಯುತ್ತಿದ್ದ ಮಕ್ಕಳಿಗೆ ಔಷಧಕ್ಕೆ ಮೊದಲು ಅಪರೂಪದ ರುಚಿಯ ಐಸ್‌ಕ್ರೀಮ್ ಕೊಟ್ಟು ನೋಡಿದರು. ಮುಂದೆ ಆ ಮಕ್ಕಳಲ್ಲಿ ಹೆಚ್ಚಿನವರು ಆ ಐಸ್‌ಕ್ರೀಮನ್ನು ನಿರಾಕರಿಸಿದರು. ವಾಂತಿ ಔಷಧದಿಂದ ಬರುತ್ತದೆಂದು ತಿಳಿಯುವಷ್ಟು ದೊಡ್ಡ ಮಕ್ಕಳಲ್ಲೂ ಅರುಚಿ ಹುಟ್ಟಿತ್ತು. ಹೀಗಿರುವಾಗ, ಮಾತ್ರೆ ಬದಲಿಸಿದರೆ ಎಲ್ಲ ಸರಿಹೋಗುತ್ತದೆ ಎಂಬ ಮಾತು ಮೊದಲ ಬಗೆಯ ಅರುಚಿಗೆ ಮಾತ್ರ ಹೊಂದುತ್ತದೆ. ಎರಡನೆಯದು ಆಗಲೇ ಹಾರ್ಮೋನಿನ ಕೈಬಿಟ್ಟು ನೆನಪಿನ ಕೈಗೆ ಹೋಗಿರುತ್ತದೆ. ಅದನ್ನು ಕರಗಿಸಲು ಇರುವ ದಾರಿ, ವಾಕರಿಕೆ ಇಲ್ಲದ ದಿನಗಳಲ್ಲಿ ಅದೇ ರುಚಿಯನ್ನು ಸ್ವಲ್ಪಸ್ವಲ್ಪವೇ ಮತ್ತೆಮತ್ತೆ ಸವಿಯುವುದು. ನಾನು ಪಾಯಸಕ್ಕೆ ಒಂದು ಕಾಳು ಏಲಕ್ಕಿಯಿಂದ ಶುರುಮಾಡಿದವಳು ಈಗ ಶ್ಯಾವಿಗೆ ಪಾಯಸದವರೆಗೆ ಬಂದಿದ್ದೇನೆ. ಹೋಳಿಗೆ ಇನ್ನೂ ಬಾಕಿ.

ಆಪರೇಷನ್ನಿಗೆ ಹೋಗುವ ದಾರಿ

ಏಲಕ್ಕಿಯ ಕಥೆಯನ್ನು ನಾನು ಮಾತ್ರೆ ಬರೆದುಕೊಟ್ಟವರ ಮುಂದೆ ಹೇಳಿದಾಗ, ಅವರು ನಕ್ಕು, ಇದೆಲ್ಲ ಮನಸ್ಸಿನದು, ಹೆಚ್ಚು ಯೋಚಿಸಬೇಡಿ ಎಂದರು. ಪೋರ್ಟೊ ರಿಕೊದ ಹೆಂಗಸರು ಕೇಳಿದ ಮಾತೇ ಇದು ಎಂದು ನನಗೆ ತಿಳಿದದ್ದು ಆಮೇಲೆ. ಇದಕ್ಕೆ ಬದಲಾಗಿ ಅತ್ತೆಯ ಊರಿನ ಉಪಕೇಂದ್ರದ ಸಿಸ್ಟರ್ ಪೂರ್ತಿ ಕೇಳಿಸಿಕೊಂಡರು. ಅವರು ಮೊದಲು ಕೇಳಿದ ಪ್ರಶ್ನೆ: "ಬಿಳೀ ಗುಳಿಗಿ ನುಂಗುವಾಗೋ, ಕೆಂಪು ಗುಳಿಗಿ ನುಂಗುವಾಗೋ?" ಮಾಲಾ-ಎನ್ ಪಟ್ಟಿಯಲ್ಲಿ 28 ಮಾತ್ರೆಗಳಿದ್ದು, 21ರಲ್ಲಿ ಹಾರ್ಮೋನು, ಉಳಿದ 7ರಲ್ಲಿ ಬರೀ ಕಬ್ಬಿಣಾಂಶ. ಕಬ್ಬಿಣದ ಮಾತ್ರೆಯೂ ಹೊಟ್ಟೆ ತೊಳಸುತ್ತದೆ, ಬಾಯಿಗೆ ಲೋಹದ ರುಚಿ ತರುತ್ತದೆ. ಯಾವ ವಾರದಲ್ಲಿ ತೊಂದರೆ ಎಂದು ಕೇಳದೇ ಯಾವ ಮಾತ್ರೆಯದು ತಪ್ಪೆಂದು ಹೇಳಲಾಗದು ಎಂಬಷ್ಟು ಸರಳವಾದ ಈ ವಿಚಾರವನ್ನು ನನಗೆ ಹೇಳಿದವರು ಅವರೊಬ್ಬರೇ.

ಅವರ ಬಳಿ ಬೇರೆ ಆಯ್ಕೆಗಳ ವಿವರವೂ ಇತ್ತು. ಮೂರು ತಿಂಗಳಿಗೊಮ್ಮೆ ಹಾಕಿಸಿಕೊಳ್ಳುವ ಅಂತರಾ ಚುಚ್ಚುಮದ್ದಿನಲ್ಲಿ ಈಸ್ಟ್ರೋಜೆನ್ ಇಲ್ಲ, ಆದರೆ ಮುಟ್ಟಿನ ಲಯ ಬಹಳ ಬದಲಾಗುತ್ತದೆ, ಚುಚ್ಚಿದ ಮೇಲೆ ಅದನ್ನು ಹಿಂದಕ್ಕೆ ತೆಗೆಯಲಾಗದು. ಛಾಯಾ ಮಾತ್ರೆ ಹಾರ್ಮೋನೇ ಅಲ್ಲ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡ ಸೆಂಟ್‌ಕ್ರೋಮನ್ ಅದರ ಸಾರ. ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು, ಮುಟ್ಟು ಮಾತ್ರ ಕೆಲವರಿಗೆ ತಡವಾಗುತ್ತದೆ. ಕಾಪರ್-ಟಿಯಲ್ಲೂ ಹಾರ್ಮೋನಿಲ್ಲ. ಬಿರುಸಾದ ತಲೆನೋವು, ಕಣ್ಣು ಮಂಜಾಗುವುದು, ಎದೆನೋವು, ಒಂದು ಕಾಲು ಬಾತು ನೋಯುವುದು ಇವು ಕಂಡರೆ ಮಾತ್ರೆ ನಿಲ್ಲಿಸಿ ಆಸ್ಪತ್ರೆಗೆ ಓಡಬೇಕೆಂದೂ, ಇವಕ್ಕೂ ವಾಕರಿಕೆಗೂ ಗೊಂದಲ ಮಾಡಿಕೊಳ್ಳಬಾರದೆಂದೂ ಅವರು ಎಚ್ಚರಿಸಿದರು.

ಇಷ್ಟು ಮಾತಾಡಲು ಅವರಿಗೆ ಬಿಡುವಿದ್ದದ್ದು ಅಂದು ಲಸಿಕೆಯ ದಿನವಲ್ಲದ್ದರಿಂದ. ಆದರೆ ಹೆಚ್ಚಿನವರಿಗೆ ಇಷ್ಟು ಮಾತು ಸಿಗುವುದಿಲ್ಲ, ಅವರೂ ಕೇಳುವುದಿಲ್ಲ. ಪಕ್ಕದ ಮನೆಯ ಅಕ್ಕ ಮಾತ್ರೆಯನ್ನು ಎರಡು ಪಟ್ಟಿಗೆ ಬಿಟ್ಟು, ಅದು ಅನ್ನ ಸೇರಗೊಡಲಿಲ್ಲವೆಂದು ಹೇಳಿ, ಎರಡನೆಯ ಹೆರಿಗೆಯ ಹಿಂದೆಯೇ ಆಪರೇಷನ್ ಮಾಡಿಸಿಕೊಂಡರು. ಆಗ ಅವರಿಗೆ ಇಪ್ಪತ್ತೈದೂ ತುಂಬಿರಲಿಲ್ಲ. "ಒಮ್ಮೆ ಕೊಯ್ಸಿಕೊಂಡ್ರ ಮುಗೀತವಾ, ದಿನಾ ಯಾರು ವಾಂತಿ ಮಾಡ್ಕೋತ ಕುಂದ್ರಬೇಕು" ಎಂಬುದು ಅವರ ತರ್ಕ, ಅದರಲ್ಲಿ ತಪ್ಪು ಹುಡುಕುವ ಅಧಿಕಾರ ನನಗಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ವಿವಾಹಿತ ಹೆಂಗಸರಲ್ಲಿ ನೂರಕ್ಕೆ 57 ಮಂದಿ ಆಪರೇಷನ್ ಆದವರು. ಇಡೀ ದೇಶದಲ್ಲಿ ಈ ಪ್ರಮಾಣ 37.9, ಮಾತ್ರೆ ನುಂಗುವವರು 5.1, ಆಪರೇಷನ್ ಮಾಡಿಸಿಕೊಂಡ ಗಂಡಸರು 0.3. ಈ ಅಂಕಿಗಳ ಹಿಂದೆ ಹತ್ತಾರು ಕಾರಣಗಳಿವೆ, ಬಡತನ, ದೂರ, ಗಂಡು ಮಗುವಿನ ಲೆಕ್ಕಾಚಾರ, ಸರಕಾರದ ಹಳೆಯ ಗುರಿಗಳು. ಆ ಕಾರಣಗಳ ನಡುವೆ ಸೇರದ ಪಲ್ಯಕ್ಕೂ ಒಂದು ಜಾಗ ಇರಬೇಕೆಂದು, ನಮ್ಮ ಓಣಿಯ ಮಾತುಗಳನ್ನು ಕೇಳಿದ ಮೇಲೆ, ನನಗೆ ಅನ್ನಿಸುತ್ತದೆ. ತಾತ್ಕಾಲಿಕ ವಿಧಾನವೊಂದನ್ನು ಸಣ್ಣದೆನಿಸುವ ತೊಂದರೆಗಾಗಿ ಬಿಟ್ಟವಳಿಗೆ ಮುಂದೆ ಕಾಣುವುದು ಶಾಶ್ವತ ವಿಧಾನವೊಂದೇ ಆಗಿದ್ದರೆ, ಆ ತೊಂದರೆಯನ್ನು ಸಣ್ಣದೆಂದು ಬರೆದಿಡುವುದು ಸರಿಯಲ್ಲ.

ಬಲಿಗೊಂದು ರುಚಿ

ಮೇಲೆ ಹೇಳಿದ ಬರ್ನ್‌ಸ್ಟೀನ್ ಮುಂದೆ ಇನ್ನೊಂದು ಉಪಾಯ ಪರೀಕ್ಷಿಸಿದರು. ಮಕ್ಕಳ ಊಟಕ್ಕೂ ಕಿಮೋಥೆರಪಿಗೂ ನಡುವೆ ತೀಕ್ಷ್ಣವಾದ, ಅಪರಿಚಿತ ರುಚಿಯ ಮಿಠಾಯಿಯೊಂದನ್ನು ಕೊಟ್ಟರೆ, ಆರೋಪವೆಲ್ಲ ಆ ಮಿಠಾಯಿಯ ಮೇಲೆ ಬಿದ್ದು ನಿಜವಾದ ಊಟದ ರುಚಿ ಬಹುಮಟ್ಟಿಗೆ ಉಳಿಯುತ್ತದೆಂದು 1987ರ ಅವರ ಪ್ರಯೋಗ ತೋರಿಸಿತು. ಗರ್ಭನಿರೋಧಕ ಮಾತ್ರೆಯ ವಾಕರಿಕೆ ಕಿಮೋಥೆರಪಿಯಷ್ಟು ಕ್ರೂರವಲ್ಲ, ಆದರೆ ತರ್ಕ ಅದೇ. ಮಾತ್ರೆಯ ಜೊತೆ ತಿನ್ನುವುದು ಹಳೆಯ, ಸಪ್ಪೆ ಊಟವಾಗಿರಲಿ, ಹೊಸದೇನಾದರೂ ಬೇಕೆಂದರೆ ಕಳೆದುಕೊಂಡರೂ ದುಃಖವಿಲ್ಲದ ರುಚಿಯಾಗಿರಲಿ. ಹಬ್ಬದ ರುಚಿಯನ್ನಂತೂ ಅದರ ಹತ್ತಿರ ತರಬಾರದು.

ಸಿಂಧನೂರಿಗೆ ಕೊಟ್ಟ ನನ್ನ ತಂಗಿ ಈ ವರ್ಷ ಮಾತ್ರೆ ಶುರುಮಾಡುವಾಗ ಫೋನಿನಲ್ಲಿ ಇದನ್ನೆಲ್ಲ ವಿವರಿಸಿದೆ. ಅವಳು ಪೂರ್ತಿ ಕೇಳಿ, "ಹಂಗಾದ್ರ ಹಾಗಲಕಾಯಿ ಪಲ್ಯದ ಜೋಡಿ ನುಂಗತೀನಿ ಅಕ್ಕಾ, ಅದು ಹೋದ್ರ ಹೋಗ್ಲಿ" ಎಂದಳು. ಹಾಗಲಕಾಯಿ ನಮ್ಮ ಮನೆಯಲ್ಲಿ ಚಿಕ್ಕಂದಿನಿಂದ ತಿಂದದ್ದು, ಅಷ್ಟು ಹಳೆಯ ರುಚಿ ಈ ಆರೋಪವನ್ನು ಸುಲಭಕ್ಕೆ ಹೊರುವುದಿಲ್ಲ ಎಂದು ತಿಳಿಹೇಳಬೇಕಾಯಿತು. ಕೊನೆಗೆ ಅವಳು ತನ್ನ ಮನೆಯಲ್ಲಿ ಯಾರೂ ತಿನ್ನದ ಶುಂಠಿ ಪೆಪ್ಪರಮೆಂಟಿನ ಡಬ್ಬಿಯೊಂದನ್ನು ತಂದಿಟ್ಟುಕೊಂಡು, ರಾತ್ರಿ ಮಜ್ಜಿಗೆ ಅನ್ನ ಉಂಡ ಮೇಲೆ ಮಾತ್ರೆಯ ಜೊತೆ ಅದನ್ನು ಚೀಪುತ್ತಾಳೆ. ಎರಡನೆಯ ಪಟ್ಟಿ ನಡೆದಿದೆ. ಮಿರ್ಚಿಯ ವಾಸನೆ ಇನ್ನೂ ಆಗುತ್ತಿಲ್ಲವಂತೆ, ಶುಂಠಿ ಮಿಠಾಯಿ ಕಂಡರೆ ಈಗೀಗ ಹೇಸಿಕೆಯಂತೆ, ಹೋಳಿಗೆ ಮಾತ್ರ ಸರಾಗ ಇಳಿಯುತ್ತಿದೆಯಂತೆ. ಅವಳ ಅತ್ತೆಗೆ ವಿಷಯ ಮೊದಲೇ ತಿಳಿಸಿದ್ದರಿಂದ, ಹುಳಿಯ ಮಾತು ಯಾರೂ ಎತ್ತಿಲ್ಲ.